ಸತುವಿನ ತಗಡು

ವಾಲ್ಪರೈಸೊದ ಗುಡ್ಡಗಳ ಮೇಲೆ ಮನೆಗಳಿಗೆ
ಸತುವಿನ ಚರ್ಮ. ಉಪ್ಪುಗಾಳಿ ಅದನ್ನು ದಿನಾ ನೆಕ್ಕುತ್ತದೆ.
ಅಂಥದೊಂದು ಮನೆಗೆ, ನನ್ನ ಹದಿನಾಲ್ಕಕ್ಕೆ,
ಕಾಗದ ನೆನೆಸುವ ಕೆಲಸಕ್ಕೆ ಸೇರಿದೆ.
ಹಾಳೆಯನ್ನು ತೊಟ್ಟಿಯಲ್ಲಿ ಮುಳುಗಿಸು,
ಬಟ್ಟೆಗಳ ನಡುವೆ ಮಲಗಿಸು, ಬಾಯಿ ಮುಚ್ಚಿಕೊಂಡಿರು.
"ಒದ್ದೆಯಿರಬೇಕು, ಹನಿಯಬಾರದು,
ಆಗಷ್ಟೇ ಅಳು ನಿಲ್ಲಿಸಿದ ಮಗುವಿನ ಕೆನ್ನೆಯ ಹಾಗೆ"
ಎಂದಳು ಎರ್ಮಿನಿಯಾ ಓಯಾರ್ಸೂನ್.
ಮಕ್ಕಳಿರಲಿಲ್ಲ ಅವಳಿಗೆ. ಆ ಕೆನ್ನೆ ಎಲ್ಲಿ ಮುಟ್ಟಿದ್ದಳೋ.

ಅವಳು ಕಲಿತದ್ದು ಬಂದರಿನ ಅಚ್ಚುಕೂಟದಲ್ಲಿ:
ಹಡಗಿನ ಸರಕುಪಟ್ಟಿ, ಮೀನಿನ ಡಬ್ಬಿಯ ಚೀಟಿ.
ಹೆಂಗಸಿಗೆ ಯಂತ್ರ ಮುಟ್ಟಗೊಡುತ್ತಿರಲಿಲ್ಲ,
ಗುಡಿಸುವವಳಿಗೆ ಮಾತ್ರ ಬೀಗದ ಕೈ ಕೊಡುತ್ತಿದ್ದರು.
ಗುಡಿಸುವವಳಾದಳು.
ಸಂಜೆಗೆ ಕಸ, ಇರುಳಿಗೆ ಕಸುಬು.
ತಗಡಿಗೆ ಮೇಣ, ಮೇಣಕ್ಕೆ ಸೂಜಿ, ಗೀರಿಗೆ ಆಮ್ಲ;
ಏಳುವ ಗುಳ್ಳೆಗಳನ್ನು ಕಡಲಹಕ್ಕಿಯ ಗರಿಯಿಂದ
ಸವರಿ, ಸವರಿ, ಬೆಳಗಿನ ಸೈರನ್ನಿನ ತನಕ.

ಹೆಬ್ಬೆರಳಿನ ಗೆರೆಗಳನ್ನು ಆಮ್ಲ ತಿಂದುಹಾಕಿತ್ತು.
ಗುರುತಿನ ಚೀಟಿಯ ಕಚೇರಿಯಲ್ಲಿ ಗುಮಾಸ್ತ
ಮೂರು ಸಲ ಒತ್ತಿಸಿಕೊಂಡು ರೇಗಿದ:
"ನಿಮಗೆ ಗುರುತೇ ಇಲ್ಲವಲ್ಲ, ಸಿನ್ಯೋರಾ!"
"ಊರೆಲ್ಲ ಒತ್ತಿಟ್ಟಿದ್ದೇನೆ, ಹುಡುಕಿಕೊಳ್ಳಿ" ಎಂದಳಂತೆ.
ಮೊದಲ ಪ್ರದರ್ಶನಕ್ಕೆ ಪತ್ರಿಕೆಯವರು ಬರೆದರು
"ಗಂಡಸಿನಂಥ ಕೈ". ಹೊಗಳಿಕೆಯಂತೆ.
ಆ ಸಾಲನ್ನು ತಗಡಿಗೆ ಕೊರೆದು ಒತ್ತಿದಳು:
ಎಡಬಲ ತಿರುಗಿ, ಯಾರಿಗೂ ಓದಲಾಗದೆ,
ಇರುವೆಗಳ ಸಾಲಿನ ಹಾಗೆ ಚೆಂದ ಕಂಡಿತು.

ಎಪ್ಪತ್ತಮೂರರ ಸೆಪ್ಟೆಂಬರ್. ಕೆಳಗೆ ಬೀದಿಯಲ್ಲಿ ಬೂಟು.
ಕಾಗದ ಒಲೆಗೆ ಹೋಯಿತು. ತಗಡು ಸುಡುವುದಿಲ್ಲ.
ಬಂದರಿನ ಹೆಂಗಸರ ಮುಖಗಳು ಅದರಲ್ಲಿ,
ಮುಷ್ಕರದ ದಿನ ಸಾಲುಗಟ್ಟಿ ನಿಂತವರು.
ಇಪ್ಪತ್ತೊಂದು ತಗಡುಗಳನ್ನು ಇರುಳಲ್ಲಿ ಮಾಡಿಗೆ ಏರಿಸಿ
ತೇಪೆಯಂತೆ ಮೊಳೆ ಹೊಡೆದಳು, ಮುಖ ಮೇಲೆ ಮಾಡಿ.
"ಕೆಳಗಿನವರಿಗೆ ಕಾಣದಿದ್ದರೆ ಸಾಕು" ಎಂದಳು.
ಏಣಿ ಹಿಡಿದವಳು ನಾನು.
ಬಂದವರು ಮಂಚದ ಹಾಸು ಸೀಳಿದರು, ಹಿಟ್ಟಿನ ಡಬ್ಬ ಮಗುಚಿದರು,
ತಲೆಯೆತ್ತಿ, "ಪಾಪ, ಸೋರುವ ಮನೆ" ಎಂದು ಹೋದರು.

ಹದಿನೇಳು ವರ್ಷ ಅವಳು ತಗಡು ಮುಟ್ಟಲಿಲ್ಲ.
ಹಡಗು ಏಜೆಂಟನ ಜೆರಾಕ್ಸ್ ಯಂತ್ರ, ರಾತ್ರಿ ಹನ್ನೊಂದರ ಮೇಲೆ.
ಎದುರುಮನೆಯ ರುದೆಸಿಂದಾಳ ಮಗ ಮರಳಿರಲಿಲ್ಲ;
ಅವನ ಅಂಗಿ ಬಂತು. ಗಾಜಿನ ಮೇಲೆ ಮಲಗಿಸಿ
ಕಾಲರು, ತೋಳು, ಹರಿದ ಜೇಬು, ಒಂದೊಂದೇ ಗುಂಡಿ:
ನಲವತ್ತು ಹಾಳೆ. ಗೋಡೆಗೆ ಅಂಟಿಸಿದರೆ ಅಂಗಿ
ಮನೆಗಿಂತ ದೊಡ್ಡದಾಯಿತು.
ಕ್ಯಾಸೆಟ್ಟಿನಲ್ಲಿ ಮಾಡಿನ ಮೇಲೆ ಬೀಳುವ ಮಳೆ.
ತನಿಖೆಗೆ ಬಂದವನು ಕೇಳಿದ: "ಹೊಲಿಗೆ ಕ್ಲಾಸೇ?"
"ಹೌದು" ಎಂದಳು. "ಅಳತೆಗೆ ಹುಡುಗ ಬೇಕು."

ಬೂಟುಗಳು ಹೋದ ಮೇಲೆ ತಗಡುಗಳನ್ನು ಇಳಿಸಿದೆವು.
ಉಪ್ಪು, ಮಂಜು, ಹಕ್ಕಿಯ ಹಿಕ್ಕೆ
ಮುಖಗಳನ್ನು ಕೊರೆಯುತ್ತಲೇ ಇದ್ದವು.
ಒರೆಸಬೇಡ ಎಂದಳು. ಹಾಗೇ ಮಸಿ ತುಂಬಿದೆವು.
ಚಕ್ರ ತಿರುಗಿಸಿ ಕಂಬಳಿ ಎತ್ತಿದರೆ
ಮುವ್ವತ್ತರ ಹೆಂಗಸರು ಐವತ್ತರವರಾಗಿದ್ದರು.
ಒಬ್ಬಳ ಬಾಯಿ ಇರಲಿಲ್ಲ. ಒಬ್ಬಳು ಇರಲೇ ಇಲ್ಲ,
ಬಿಳಿ ಗುಳಿಗಳಷ್ಟೆ.
"ಈ ಗೀರು ನನ್ನದು, ಇದು ಮಳೆಯದು" ಎಂದು ಬೆರಳಿಟ್ಟು
ಕೆಳಗೆ ಪೆನ್ಸಿಲ್ಲಿನಲ್ಲಿ ಇಬ್ಬರ ಸಹಿಯನ್ನೂ ಹಾಕಿದಳು.

ಈಗ ಅವು ದೊಡ್ಡೂರಿನ ದೊಡ್ಡ ಹಾಲಿನಲ್ಲಿವೆ.
ಕತ್ತಲೆ, ಗೋಡೆಗೆ ಬೆಳಕು, ಸ್ಪೀಕರಿನಿಂದ ನಮ್ಮ ಮಳೆ.
ಮುಟ್ಟಬಾರದು ಎಂಬ ಫಲಕ. ಮುಟ್ಟಿದೆ.
"ಅಚ್ಚಳಿಯದ ನೆನಪು" ಎಂದು ಭಾಷಣದಲ್ಲಿ ಯಾರೋ ಹೇಳಿದರು.
ಅಚ್ಚು ಅಳಿಯುತ್ತದೆ, ಸ್ವಾಮಿ. ಅದೇ ನಮ್ಮ ಕಸುಬಿನ ನೇಮ:
ಎಣಿಸಿದಷ್ಟು ಪ್ರತಿ ಒತ್ತಿ, ತಗಡಿಗೆ ಅಡ್ಡ ಗೀರೆಳೆದು
ಕೊಂದುಬಿಡಬೇಕು, ಮತ್ತೆ ಯಾರೂ ಒತ್ತದಂತೆ.
ಎಳೆದವಳೂ ನಾನೇ. ಅವಳು ಬೆನ್ನು ಮಾಡಿ ನಿಂತಿದ್ದಳು.

ಏರಿಸಿದ್ದು ಇಪ್ಪತ್ತೊಂದು, ಇಳಿಸಿದ್ದು ಇಪ್ಪತ್ತು.
ಲೆಕ್ಕ ತಪ್ಪಿತೆಂದರೆ ನಕ್ಕಿದ್ದಳು.
ಆ ಮನೆಯಲ್ಲಿ ಈಗ ಯಾರೋ ಕಾಫಿ ಮಾರುತ್ತಾರೆ,
ಮಾಡು ಸೋರುತ್ತದೆಂದು ದೂರುತ್ತಾರೆ.