ಐದು, ಹತ್ತು, ಐನೂರ ಹತ್ತು

ಗಾಜನೂರು ದಾಟಿ ಸಕ್ರೆಬೈಲಿನ ತಿರುವಿನಲ್ಲಿ
ಹುಚ್ಚರಾಯಪ್ಪನ ಸ್ಟೇರಿಂಗಿನ ಹಿಂದೆ
ಒಂಬತ್ತು ಸೊನ್ನೆಯಾಯಿತು, ಪಕ್ಕದ ಸೊನ್ನೆ ಒಂದಾಯಿತು.
ಮೀಟರಿನ ಆರೂ ಉರುಳೆ ಸಾಲಾಗಿ ನಿಂತವು:
೫೧೦೫೧೦.

‘ಏನೋ ಜಬಿ, ದೆವ್ವ ಕಂಡೋನಂಗೆ ನೋಡ್ತೀಯ?’
ಅವನಿಗೆ ಅದು ಆಯಿಲ್ ಬದಲಿಸುವ ಲೆಕ್ಕ.
ಓನರಿಗೆ, ಗಾಡಿ ಗುಜರಿಗೆ ಹಾಕುವ ಲೆಕ್ಕ:
‘ಐದು ಲಕ್ಷ ಚಿಲ್ಲರೆ ಓಡಿದೆಯಲ್ಲ.’
ಆ ಚಿಲ್ಲರೆಯಲ್ಲೇ ಇದೆ ಸ್ವಾಮಿ, ಇರುವುದೆಲ್ಲ.

ನಾನು ಬಿ.ಎಸ್ಸಿ. ಎರಡನೇ ವರ್ಷ
ಗಣಿತದಲ್ಲೇ ಡುಮ್ಕಿ ಹೊಡೆದವನು.
ಹನ್ನೊಂದು ವರ್ಷ ಟಿಕೇಟಿನ ಬೆನ್ನಿಗೆ
‘ಬಾಕಿ ೩’, ‘ಬಾಕಿ ೭’ ಗೀಚಿ ಗೀಚಿ
ಶೇಷವೆಂದರೇನೆಂದು ಬಲ್ಲೆ:
ಇಳಿಯುವ ತನಕ ಒಬ್ಬ ಮನುಷ್ಯ
ನಿಮ್ಮ ಮುಖವನ್ನೇ ನೋಡುತ್ತ ಕೂರುವುದು.

ಈ ಸಂಖ್ಯೆ ನೋಡಿ.
ಯಾರ ಏಟಿಗೂ ಒಡೆಯದ ಮೊದಲ ಏಳು ಮಂದಿ,
ಎರಡು, ಮೂರು, ಐದು, ಏಳು,
ಹನ್ನೊಂದು, ಹದಿಮೂರು, ಹದಿನೇಳು,
ಒಬ್ಬೊಬ್ಬರಾಗಿ ಬಂದು ಕೈ ಚಾಚಿದರೂ
ಪೈಸೆ ಉಳಿಯದಂತೆ ಹಂಚಿ ಚೀಲ ಕೊಡವುತ್ತದೆ.
ಕೊಡವದೆ ಏನು? ಅವರೇ ಒಬ್ಬರನ್ನೊಬ್ಬರು ಗುಣಿಸಿ,
ತಲಾ ಒಂದೇ ಸಲ, ಕಟ್ಟಿದ್ದು ಅದು.
ಸೊನ್ನೆಯಿಂದ ಹೊರಟ ಗಾಡಿಗೆ
ಏಳೂ ಜನ ಒಟ್ಟಿಗೆ ಹತ್ತುವ
ಮೊದಲ ಸ್ಟಾಪು ಇದೇ.

ಬರೆದೆ: ೭೧೪ × ೭೧೫.
ಅಕ್ಕಪಕ್ಕದ ಮನೆ, ನಡುವೆ ಒಂದೇ ಬೇಲಿ.
ಎರಡು, ಮೂರು, ಏಳು, ಹದಿನೇಳು ಈ ಮನೆಗೆ,
ಐದು, ಹನ್ನೊಂದು, ಹದಿಮೂರು ಆ ಮನೆಗೆ.
ಕೂಡಿದರೆ ಇಲ್ಲೂ ಇಪ್ಪತ್ತೊಂಬತ್ತು, ಅಲ್ಲೂ ಇಪ್ಪತ್ತೊಂಬತ್ತು!
ಹಿಸ್ಸೆ ಕೇಸಿನ ಫೈಲು ಹಿಡಿದು ತೀರ್ಥಹಳ್ಳಿ ಕೋರ್ಟಿಗೆ ಹೊರಟ
ಮೂರನೇ ಸೀಟಿನ ಅಣ್ಣತಮ್ಮಂದಿರಿಗೆ
ತೋರಿಸೋಣ ಅನಿಸಿತು. ತೋರಿಸಲಿಲ್ಲ.
ಒಬ್ಬ ಕಿಟಕಿಗೆ, ಒಬ್ಬ ದಾರಿಗೆ ಮುಖ ಹಾಕಿದ್ದರು.

ಬಾಗಿಲ ಬಳಿ ಸುಗುಣಮ್ಮನ ಅನಾನಸ್ ಬುಟ್ಟಿ.
ಹಣ್ಣಿನ ಕಣ್ಣು ಒಂದು ಕಡೆ ಸುತ್ತಿದರೆ ಹದಿಮೂರು ಸಾಲು,
ಇನ್ನೊಂದು ಕಡೆ ಇಪ್ಪತ್ತೊಂದು.
ಎರಡನ್ನೂ ಕೂಡು, ಮೂವತ್ತನಾಲ್ಕು;
ಕೊನೆಯವೆರಡು ಕೂಡು, ಐವತ್ತೈದು.
ಆ ನಾಲ್ಕನ್ನು ಗುಣಿಸಿದೆ.
ಮತ್ತೆ ಅದೇ ಮೀಟರು.
‘ಒತ್ತಬೇಡ ಮಾರಾಯ, ಕಳಿತಿದೆ’ ಅಂದಳು.

ಅಷ್ಟರಲ್ಲಿ ಒಂದು ಕಿಲೋಮೀಟರು ಸರಿದು
ಕೊನೆಯ ಉರುಳೆ ಮಗ್ಗುಲಾಯಿತು: ೫೧೦೫೧೧.
ಈಗ ಏಳರಲ್ಲಿ ಯಾರು ಭಾಗಿಸಿದರೂ
ಒಂದು ಉಳಿಯುತ್ತದೆ.
ಏಳೂ ಜನ ಸೋತರೆ ಇದು ಒಡೆಯದ ಒಂಟಿಯೇ ಇರಬೇಕು,
ಪರೀಕ್ಷೆಯಲ್ಲೂ ಹೀಗೇ ಬರೆದಿದ್ದೆ.
ಕೆಂಪು ಶಾಯಿ ಸೊನ್ನೆ ಸುತ್ತಿತ್ತು.

ಈ ಸಲ ಅವಸರ ಮಾಡಲಿಲ್ಲ.
ಹತ್ತೊಂಬತ್ತು ಮುಂದಿನ ಸ್ಟಾಪಿನಲ್ಲೇ ನಿಂತಿತ್ತು,
ಕೈ ಅಡ್ಡ ಹಿಡಿದು, ನಾನು ನೋಡಿರಲಿಲ್ಲ ಅಷ್ಟೆ.
ಅದರ ಜೊತೆಗಾರರನ್ನು ಹುಡುಕುವಷ್ಟರಲ್ಲಿ ಮಂಡಗದ್ದೆ ಬಂತು:
ತೊಂಬತ್ತೇಳು, ಇನ್ನೂರ ಎಪ್ಪತ್ತೇಳು.
ಮೂವರೂ ಹೊಸಬರು. ಮೂವರ ಕೈಯಲ್ಲೂ ಸರಿಯಾದ ಚಿಲ್ಲರೆ.
ಪಟ್ಟಿ ಎಷ್ಟು ಉದ್ದ ಮಾಡಿ ಗುಣಿಸಿದರೂ
ಒಂದು ಸೇರಿಸಿದ ಕೂಡಲೇ
ಪಟ್ಟಿಯಲ್ಲಿಲ್ಲದವನೊಬ್ಬ ಸೀಟಿ ಹೊಡೆಯುತ್ತಾನೆ.

ಇಳಿಯುವ ಮುದುಕರೊಬ್ಬರು ಟಿಕೇಟು ತಿರುಗಿಸಿ ತಡೆದರು.
ಲೆಕ್ಕದ ಗುಂಗಿನಲ್ಲಿ ಗೀಚಿದ್ದು ಅವರ ಟಿಕೇಟಿಗೆ.
‘ಏನ್ರೀ ಕಂಡಕ್ಟ್ರೇ, ನನಗೆ ಬಾಕಿ
ಐದು ಲಕ್ಷದ ಹತ್ತು ಸಾವಿರದ ಐನೂರ ಹನ್ನೊಂದಾ?’

ಒಂದು ರೂಪಾಯಿ ಕೈಗಿಟ್ಟೆ.
‘ಉಳಿದದ್ದು ಚುಕ್ತಾ ಆಗಿದೆ, ಅಜ್ಜ.
ರೈಟ್, ರೈಟ್.’