ಬೆರಳಗಲ

ಮತ್ರಾ ಸೂಕಿನ ಹಿಂದೆ, ಲೋಬಾನದ ಅಂಗಡಿಗೆ ಅಂಟಿದ
ಏಳಡಿ ಕೋಣೆ ನನ್ನದು.
ಲೆಕ್ಕದ ಪುಸ್ತಕ, ಮದರಸದ ಕಿತಾಬು,
ಉಪ್ಪುಗಾಳಿಗೆ ಉಬ್ಬಿದ ಮುಸ್‌ಹಫ್,
ಬೆನ್ನು ಮುರಿದದ್ದೆಲ್ಲ ಇಲ್ಲಿಗೇ ಬರುತ್ತದೆ.
ನನ್ನ ಬೆನ್ನು ಮಾತ್ರ ರೂವಿಯ ಡಾಕ್ಟರರ ಹತ್ತಿರ ಹೋಗುತ್ತದೆ.

ಗುರುವಾರ ದಯಾವತಿ ಸಾಲಿನ್ಸ್ ಬಂದರು,
ಹೆರಿಗೆ ವಾರ್ಡಿನ ರಾತ್ರಿಪಾಳಿಗೆ ಮುಂಚೆ,
ಟವೆಲಿನಲ್ಲಿ ಸುತ್ತಿದ್ದ ಒಂದು ಬೈಬಲನ್ನು
ಎಳೆಮಗುವಿನ ಹಾಗೆ ಕತ್ತು ಆನಿಸಿ ಹಿಡಿದು.
ಕನ್ನಡದ್ದು. ಮಂಗಳೂರಿನ ಹಳೇ ಮೊಳೆಯಚ್ಚು.
ಇಸವಿಯಿದ್ದ ಹಾಳೆ ಹುಳದ ಪಾಲು.
"ನಿಮಗೆ ಓದಲಿಕ್ಕೆ ಬರ್ತದಾ?"
ಉಳ್ಳಾಲದ ಬ್ಯಾರಿ ನಾನು, ಏಳನೇವರೆಗೆ ಕನ್ನಡ ಶಾಲೆ.
ಬರ್ತದೆ ಅಂದೆ. ಮೊದಲು ಮೂಸಿದೆ:
ಲವಂಗ, ಸೀಮೆಎಣ್ಣೆ, ಹಂಚಿನ ಪುಡಿ.

ದುಬೈಯ ಒಬ್ಬರು ಕೇಳಿದ್ದಾರಂತೆ.
ಅಂಚಿನ ಗೀಚು ತೊಳೆದು, ಬದಿ ಕತ್ತರಿಸಿ
ಚೊಕ್ಕ ಮಾಡಿ ಕೊಟ್ಟರೆ ದುಪ್ಪಟ್ಟು.

ಶಟರ್ ಇಳಿಸಿ, ದೀಪ ಓರೆ ಹಿಡಿದು ಮಗುಚಿದೆ.
ನಡುವೆ ಅಚ್ಚಿನ ಸಾಲು, ಪ್ರಾರ್ಥನೆಗೆ ಕೂತ ಹಾಗೆ ನೆಟ್ಟಗೆ;
ಸುತ್ತ ಜಗಲಿಯಲ್ಲಿ ಮನೆಮಂದಿಯ ಗದ್ದಲ.
ಯೋಬನ ಪಕ್ಕ ಎಲೀಸ, ಹಂಚಿನ ಕಾರ್ಖಾನೆಯವನು:
'ಕೂಲಿ ಬಾಕಿ ಆರಾಣೆ. ರೈಟರಿಗೆ ಎರಡು ಸಲ ಹೇಳಿದೆ.'
ಕೀರ್ತನೆಗಳ ಬದಿಗೆ ಜ್ವರದ ಕಷಾಯ, ಅಮೃತಬಳ್ಳಿ, ಕಾಳುಮೆಣಸು;
ಕೆಳಗೆ ಬೇರೊಂದು ಕೈ: 'ಪ್ರಯೋಜನವಿಲ್ಲ.'
ತಪ್ಪಿಬಿದ್ದ ಒತ್ತಕ್ಷರವೊಂದನ್ನು ಯಾರೋ ಮೇಷ್ಟ್ರು
ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ,
ಅಲ್ಲಿಯೂ ಅರ್ಧ ಮಾರ್ಕು ಕಡಿದು.
ಯೋನನ ಹಾಳೆಯಲ್ಲಿ ಮಂಜಿಯ ಲೆಕ್ಕ:
'ಹಂಚು ೯೦೦೦. ಒಡೆದದ್ದು ೨೧೨.
ಮಸ್ಕತ್ ಕಂಡಿತು. ನನಗೆ ವಾಂತಿ.'

ಹೀಗೆ ಕಡಲು ದಾಟಿತು ಇದು,
ಮೀನಿನ ಹೊಟ್ಟೆಯ ಬದಲು ಹಂಚಿಗೆ ಹಾಸಿದ ಬೈಹುಲ್ಲಿನಲ್ಲಿ.
ಆಮೇಲೆ ಅರಬ್ಬಿಯಲ್ಲಿ ಒಂದೇ ಸಾಲು, ಗೋದಾಮಿನವನದಿರಬೇಕು:
'ಈ ಲಿಪಿ ನನಗೆ ತಿಳಿಯದು. ತಿಳಿದವರಿಗೆ ತಲುಪಲಿ.'
ಮೂರು ತಲೆಮಾರು ಮರದ ಪೆಟ್ಟಿಗೆಯಲ್ಲಿ ಮಲಗಿತ್ತಂತೆ.
ಸೊಸೆಯ ಬಾಣಂತನಕ್ಕೆ ಬಂದ ಸೂರ್ ಕಡೆಯ ಮುದುಕ
ನರ್ಸಮ್ಮನ ಡೈರಿಯ ಉರುಟು ಅಕ್ಷರ ಇಣುಕಿ ನೋಡಿ
ಮರುದಿನ ತಂದು ಕೈಗಿಟ್ಟನಂತೆ, ಏನೂ ಹೇಳದೆ.

ಕತ್ತಿ ಮಸೆದು ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ.
ರೂತಳ ಕೊನೆಗೆ ಸಣ್ಣ ಬರಹ, ಪೆನ್ಸಿಲು:
'ತಬಿತಾ. ಮಗುವಿಗೆ ಐದನೇ ತಿಂಗಳು.
ಇಂದು ಬೆಳಿಗ್ಗೆ ಹೊ'

ಅಷ್ಟೇ. ಮುಂದೆ ಕಾಗದವಿಲ್ಲ.
ಹಿಂದೆ ಯಾವಾಗಲೋ ಯಾರೋ, ನನ್ನ ಕಸುಬಿನವನೇ,
ಅಂಚು ನೇರ ಮಾಡಿದ್ದ.
ಚೆನ್ನಾಗಿಯೇ ಕತ್ತರಿಸಿದ್ದ. ಎಳೆಯೂ ಎದ್ದಿಲ್ಲ.
ಹೊರಳಿತು ಎಂದು ಬರೆದಿದ್ದಳೋ,
ದೀರ್ಘವೊಂದು ಇತ್ತೋ, ಅದನ್ನು ಅವನ ಕತ್ತಿ ಒಯ್ದಿತೋ.

ದಯಾವತಿಯವರಿಗೆ ಫೋನು ಮಾಡಿದೆ. ಪಾಳಿ ಮುಗಿಸಿ,
ಸಮವಸ್ತ್ರದಲ್ಲೇ, ಚಾ ಬೇಡವೆಂದು ಬಗ್ಗಿ ನೋಡಿದರು.
"ಐದನೇ ತಿಂಗಳು ಹೊರಳುವ ಸಮಯವೇ," ಅಂದರು.
ಹೊರಗೆ ಒಬ್ಬ ಕೈಗಾಡಿ ತಳ್ಳಿಕೊಂಡು ಹೋದ.
ಅದು ಗಲ್ಲಿಯ ತಿರುವು ದಾಟಿದ ಮೇಲೆ:
"ಆ ಕಾಲದಲ್ಲಿ ಹೋಗುವ ಸಮಯವೂ."

ದುಬೈಯವರ ಮಾತು ಇಬ್ಬರೂ ಎತ್ತಲಿಲ್ಲ.

ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ
ಆ ಒಂದು ಹಾಳೆಗೆ ಬಿಳಿ ಪಟ್ಟಿ ಕೂಡಿಸಿದೆ,
ಬೆರಳಗಲ. ಎರಡರಲ್ಲಿ ಯಾವ ಪದವಾದರೂ ಹಿಡಿಯುತ್ತದೆ.
ಉಳಿದ ಅಂಚುಗಳು ಹಲ್ಲು ಬಿದ್ದ ಹಾಗೆಯೇ ಇರಲಿ.

ಬಿಲ್ಲು ಕನ್ನಡದಲ್ಲೇ ಬರೆದೆ, ವರ್ಷಗಳ ಮೇಲೆ,
ಕೈ ಸ್ವಲ್ಪ ತಡವರಿಸಿತು:
ಹೊಲಿಗೆ ಎರಡು ರಿಯಾಲು. ರಟ್ಟು, ಬಟ್ಟೆ ಒಂದೂವರೆ.
ಕತ್ತರಿಸಿದ್ದು, ಇಲ್ಲ.