ಹದಿನೇಳು ಸಲ ಸರಿ

ದಿನಾ ಬೆಳಗ್ಗೆ ಶಟರ್ ಎತ್ತಿ, ನೀರು ಚಿಮುಕಿಸಿ,
ಊದುಬತ್ತಿ ಹಚ್ಚಿ, ಕಂಪ್ಯೂಟರ್ ಗುಂಡಿ ಒತ್ತಿದರೆ
ಫೋಟೋ ತಿದ್ದುವ ಸಾಫ್ಟ್‌ವೇರು ಏಳುವ ಮೊದಲು
ಹದಿನೇಳು ಸಲ ಗೊಣಗುತ್ತದೆ:
ಈ ಪ್ಲಗಿನ್ ಹಳೆಯದು, ತೆರೆಯಲಾಗಲಿಲ್ಲ.
ಹದಿನೇಳು ಸಲ ನಾನೂ ಸರಿ, ಸರಿ, ಸರಿ ಅನ್ನುತ್ತೇನೆ
ಮೌಸಿನ ಎಡಗಿವಿ ಹಿಂಡುತ್ತ.

ಇವತ್ತು ಗಿರಾಕಿ ಇಲ್ಲ. ಆಷಾಢ.
ಐದು ದೀಪದ ವೃತ್ತದಲ್ಲಿ ಆಟೋಗಳೂ ತೂಕಡಿಸುತ್ತಿವೆ.
ತೆಗೆದೇಬಿಡೋಣ ಅಂತ ಕೂತೆ.

ಸಿ ಡ್ರೈವಿನ ಒಳಗೆ, ಅದರೊಳಗೆ, ಅದರ ಒಳಗೊಳಗೆ
ಒಂದು ಫೋಲ್ಡರು, ಎಲೆಯಡಿಕೆ ಚೀಲದ ಹಾಗೆ
ಎಷ್ಟು ಬಿಚ್ಚಿದರೂ ಇನ್ನೊಂದು ಅರೆ.
ಎಲ್ಲ ಗೌಸಣ್ಣ ತುಂಬಿಸಿದ್ದು.
ಮೈಸೂರಿನ ಸಂತೇಪೇಟೆಯಲ್ಲಿ ನೂರೈವತ್ತಕ್ಕೆ ಒಂದು ಸೀಡಿ ಕೊಂಡು
ಅಂಗಿ ಜೇಬಿನಲ್ಲಿಟ್ಟು
ಪಾಂಡವಪುರದ ತನಕ ಬಸ್ಸಿನಲ್ಲಿ ನಿಂತೇ ಬಂದಿದ್ದ,
ಕೂತರೆ ಮುರಿದೀತು ಅಂತ.
'ಮೂವತ್ ಮಂತ್ರ ಅವೆ ಕನವ್ವ ಇದ್ರೊಳ್ಗೆ.'
ನಾನಾಗ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಹುಡುಗಿ,
ಹಾಳೆಗೆ ಎಂಟು, ಅಂಚು ಸೊಟ್ಟಗಾದರೆ ಬೈಗುಳ.

ಮೊದಲು ಹೋದದ್ದು ಮಳೆ.
ಉರಿಬಿಸಿಲಲ್ಲಿ ನಿಂತ ಜೋಡಿಯ ಮೇಲೆ ಓರೆಯಾಗಿ ಸುರಿಯುತ್ತಿತ್ತು,
ಒಬ್ಬರೂ ನೆನೆಯುತ್ತಿರಲಿಲ್ಲ.
ಆಮೇಲೆ ಹಿಮ, ಕುಂತಿಬೆಟ್ಟವನ್ನು
ಸ್ವಿಟ್ಜರ್ಲೆಂಡ್ ಮಾಡುತ್ತಿದ್ದದ್ದು.
ಚಿನ್ನದ ಚೌಕಟ್ಟು.
ಗುಲಾಬಿಯೊಳಗೆ ಮದುಮಗನ ತಲೆ ಕೂರಿಸುವ ಒಂದು;
ಅದನ್ನು ಅಳಿಸುವಾಗ ನಗು ಬಂತು:
ಚಿನಕುರಳಿ ಮೇಷ್ಟ್ರ ಮೀಸೆ ಎಸಳಿಗೆ ಅಂಟಿ
ಕಂಬಳಿಹುಳದ ಹಾಗೆ ಕಂಡಿತ್ತು,
ಅವರೋ ಖುಷಿಯಾಗಿ ಎರಡು ಪ್ರಿಂಟು ಹಾಕಿಸಿದ್ದರು.

ಒಂದಕ್ಕೆ ಹೆಸರೇ ಇಲ್ಲ, ಬರೀ ಅಂಕಿ.
ಏನು ಮಾಡುತ್ತಿತ್ತೋ.
ಅಳಿಸಿದೆ. ಏನೂ ಆಗಲಿಲ್ಲ.
ಅದಕ್ಕೇ ಒಂದು ಗಳಿಗೆ ಬೇಜಾರಾಯಿತು.

ಕೊನೆಗೆ ಉಳಿದದ್ದು ಹಾಲು.
ಅದರ ಇಂಗ್ಲಿಷ್ ಹೆಸರು ಬೇರೆ, ನಮ್ಮ ಅಂಗಡಿಯಲ್ಲಿ ಹಾಲು.
ಒಂದು ಲೋಟ, ಎರಡು ಲೋಟ, ತಂಬಿಗೆ.
'ಒಸಿ ಬೆಳ್ಳಗ್ ಮಾಡವ್ವ, ಗಂಡಿನ್ ಕಡೆಯವ್ರು ನೋಡ್ತಾರೆ.'
ಈ ಕೈಯಾರೆ ನಾನು ಎಷ್ಟು ಸುರಿದಿಲ್ಲ,
ಎಳ್ಳಿನ ಬಣ್ಣದವರಿಗೆ, ರಾಗಿ ಬಣ್ಣದವರಿಗೆ,
ಹುಣಸೆ ಬೀಜದ ಹಾಗೆ ಹೊಳೆಯುತ್ತಿದ್ದವರಿಗೆ;
ಎಲ್ಲರೂ ಒಂದೇ ಡೇರಿಯಿಂದ ಹೊರಟ ಪಾಕೀಟುಗಳು.

ಕಸದ ಬುಟ್ಟಿಗೆ ಎಳೆದೆ. ಖಚಿತವೇ, ಅಂತ ಕೇಳಿತು.
ಗೌಸಣ್ಣನಿಗೊಂದು ಫೋನು ಮಾಡಲೇ?
ಈಗ ಕೆನ್ನಾಳು ದಾರಿಯಲ್ಲಿ ಕೋಳಿ ಅಂಗಡಿ, ಭಾನುವಾರ ಬೇರೆ,
ಕೈತುಂಬ ಪುಕ್ಕ ಇರುತ್ತದೆ.
ಬೇಡ.

ಹನ್ನೊಂದೂವರೆಗೆ ಕ್ಯಾತನಹಳ್ಳಿ ದೇವೀರಮ್ಮ ಬಂದಳು.
'ಆಲ್ಬಮ್ ಗೆದ್ಲು ತಿಂದ್ಬುಡ್ತು ಕನಕ್ಕ,
ರಿಸೆಪ್ಷನ್ದು ಒಂದಾರ ತೆಗ್ದ್ಕೊಡು.'
ಹಳೆಯ ಫೈಲು ಹುಡುಕಿ ತೆರೆದೆ.
ಹಾಲು ಸಿಗುತ್ತಿಲ್ಲ ಅಂತ ಪರದೆ ತನ್ನ ಭಾಷೆಯಲ್ಲಿ ಅಂದಿತು.
ಸರಿ, ಅಂದೆ.
ಪದರ ಸರಿಯಿತು.
ಅಡಿಯಲ್ಲಿ ಹದಿನಾಲ್ಕು ವರ್ಷ ರೆಪ್ಪೆ ಬಡಿಯದೆ ಕಾದಿದ್ದಳು
ಹತ್ತೊಂಬತ್ತರ ಹುಡುಗಿ,
ಅರಿಶಿನದ ಕೆಳಗೆ ಎರೆಮಣ್ಣಿನ ಬಣ್ಣ,
ಗಲ್ಲದ ಮೇಲೊಂದು ಮಚ್ಚೆ. ಅದನ್ನೂ ನಾವು ತಿಂದಿದ್ದೆವು,
ಗೆದ್ದಲಿಗಿಂತ ಮೊದಲೇ.

ದೇವೀರಮ್ಮ ಪರದೆಯ ಹತ್ತಿರ ಬಾಗಿದಳು.
ಅವಳ ಬೆರಳು ಗಲ್ಲಕ್ಕೆ ಹೋಯಿತು, ತನ್ನದೇ ಗಲ್ಲಕ್ಕೆ.
ಈಗ ಬೈಯುತ್ತಾಳೆ ಅಂದುಕೊಂಡೆ.
'ಈ ಕಿತ್ತಳೆ ಸೀರೆ ನಂಗಾಗ್ಲೂ ಇಷ್ಟ ಇರ್ನಿಲ್ಲ' ಅಂದಳು,
'ನಮ್ಮತ್ತೆ ಆರ್ಸಿದ್ದು. ಹಸ್ರು ಮಾಡಕ್ಕಾಯ್ತದಾ?'

ಆಗ್ತದೆ. ಅದಕ್ಕೆ ಪ್ಲಗಿನ್ ಬೇಡ.
ಅಂಚು ಹಿಡಿದು ನಿರಿಗೆ ನಿರಿಗೆಯಾಗಿ
ಕೈಯಲ್ಲೇ ಬಿಡಿಸಬೇಕು, ಒಂದು ಗಂಟೆ ಕೆಲಸ.
ಎರಡು ಟೀ ಹೇಳಿ, ಯಾವ ಹಸಿರು ಅಂತ ಕೇಳಿದೆ.
ಬಾಗಿಲಾಚೆ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದಳು.
'ನಾಟಿ ಆಕಿ ಎಂಟ್ ದಿನಕ್ಕೆ
ಪೈರು ತಲೆ ಎತ್ತದಲ್ಲ, ಅದು.'